ಕ್ಯಾಂಪೇನ್ ನಡಬರ್ಕ 2024ರ ರೂಲ್ಸಿಗೆ ಜಿಗೀಬೇಕೋ ಬ್ಯಾಡೋ? ಪ್ಯಾಲಡಿನ್ ಸ್ಮೈಟ್ ಸಲುವಾಗಿ ಟೇಬಲ್ ಎರಡ ಪಾಲಾಗೇತಿ

ಉಣಕಲ್_ಡಿಎಂ:

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ ವಿದ್ಯಾನಗರದಾಗ ಐದ ಮಂದೀನ ಕೂಡಿಸ್ಕೊಂಡು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಡೈಸ್ ಉರುಳಿಸಿ ಕಥಿ ಆಡೂ ಆಟ; ವಾರಗಟ್ಲೆ ನಡಿಯೂ ಒಂದ ಕಥಿ ಅಂದ್ರ ಕ್ಯಾಂಪೇನ್, ಅದನ್ನ ನಡಸೂವ ಡಿಎಂ) ನಡಸ್ತೀನಿ, ಐತವಾರಕ್ಕೊಮ್ಮೆ, ಮಧ್ಯಾಹ್ನ ಊಟ ಮುಗಿಸಿ ಕುಂತ್ರ ಸಂಜೀಕ ಗಿರ್ಮಿಟ್ ಮಿರ್ಚಿ ಬರೂತನಾ ಒಂದ ಫೈಟ್ ಮುಗೀತೈತಿ, ಅಷ್ಟ ನಮ್ಮ ಸ್ಪೀಡ್. ಸುರು ಮಾಡಿದ್ದು 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ (ರೂಲ್ ಪುಸ್ತಕ, 2024ರಾಗ ಹೊಸದು ಬಂತು) ಮ್ಯಾಲೆ, ಈಗ ಎಲ್ಲಾರೂ 6ನೇ ಲೆವೆಲ್. ಕ್ಲಾಸ್ ಅಂದ್ರ ಪಾತ್ರದ ನಮೂನಿ ಹೇಳ್ಬೇಕಂದ್ರ ಪ್ಯಾಲಡಿನ್ (ದೇವರ ಯೋಧ), ಮಾಂಕ್ (ಬರಿಗೈಲೆ ಹೊಡದಾಡೂ ಸನ್ಯಾಸಿ), ವಾರ್ಲಾಕ್ (ಮಾಂತ್ರಿಕ), ರೋಗ್ (ಕಳ್ಳ), ಕ್ಲೆರಿಕ್ (ಪೂಜಾರಿ).

ವಿಷಯ ಏನಂದ್ರ ಮೊನ್ನೆ ಬಾಸ್ ಫೈಟ್ ಇತ್ತು. ಲಕ್ಕುಂಡಿ ಮುಸುಕಿನ ಬಾವಿ ನೋಡಿ ಬಂದಾಗಿಂದ ಅಂಥಾದ್ದೊಂದು ಡಂಜನ್ ಮಾಡಬೇಕಂತ ತಲ್ಯಾಗ ಕುಂತಿತ್ತು, ಮಾಡಿದ್ದೆ, ಪಾವಟಿಗಿ ಇಳದಂಗ ಇಳದಂಗ ಕತ್ತಲಿ, ತಳದಾಗ ಒಂದ ವೈಟ್, ಅಂದ್ರ ಸತ್ತ ಮ್ಯಾಲೂ ಕತ್ತಿ ಬಿಡದ ಸೇನಾಪತಿ. ಪುಸ್ತಕದಾಗ ವೈಟ್‌ಗೆ 45 ಎಚ್‌ಪಿ (ಜೀವದ ಅಂಕಿ), ನಾ 70 ಮಾಡಿ ಇಟ್ಟಿದ್ದೆ. ಅವಗ ಹೇಳಿಸಾಕ ಒಂದ ಭಾಷಣಾನೂ ಬರದಿಟ್ಟಿದ್ದೆ. ಇನಿಶಿಯೇಟಿವ್‌ನ್ಯಾಗ ಪ್ಯಾಲಡಿನ್ ಮೊದಲ ಬಂದ, ಎರಡ ಏಟು, ಎರಡೂ ಹತ್ತಿದ್ವು, ಅದ್ರಾಗ ಒಂದು ಕ್ರಿಟ್ (ಡ್ಯಾಮೇಜ್ ಡೈಸ್ ಡಬಲ್ ಆಗೂ ಏಟು), ಎರಡಕ್ಕೂ 2ನೇ ಲೆವೆಲ್ ಸ್ಲಾಟ್ (ಖರ್ಚ ಮಾಡೂ ಮಂತ್ರಶಕ್ತಿ) ಸುರುದು ಡಿವೈನ್ ಸ್ಮೈಟ್ (ಏಟಿಗೆ ಡ್ಯಾಮೇಜ್ ಕೂಡಸೂ ದೈವಶಕ್ತಿ), ಅನ್‌ಡೆಡ್ ಅಂತ ಮ್ಯಾಲೆ ಒಂದೊಂದ ಡಿ8 (ಎಂಟ ಮಾರಿ ಡೈಸ್) ಬ್ಯಾರೆ. ಸ್ಮೈಟ್ ಒಂದರಿಂದನ 12ಡಿ8 ಆತು. ಭಾಷಣದ ಮೊದಲ್ನೇ ಸಾಲ ಮುಗಿಯೂದ್ರಾಗ ಸೇನಾಪತಿ ಬೂದಿ. ಉಳದ ನಾಕ ಮಂದಿ ಡೈಸ್ ಕೈಯಾಗ ಹಿಡ್ಕೊಂಡ ಕುಂತಿದ್ರು, ಮಿರ್ಚಿ ಇನ್ನೂ ಬಂದಿದ್ದಿಲ್ಲ.

ಆವಾಗ ಮಾಂಕ್ ಆಡೂ ಹುಡುಗಿ ಅಂದ್ಲು, ಅಣ್ಣಾ ಹೊಸ ಪುಸ್ತಕದಾಗ ಸ್ಮೈಟ್ ಟರ್ನಿಗೆ ಒಂದ ಸಲ ಅಷ್ಟ, ನನ್ನ ಮಾಂಕ್‌ಗೂ ಭಾಳ ಕೊಟ್ಟಾರ, ಎಲ್ಲಾರೂ 2024ಕ್ಕ ಹೋಗೂಣು ಅಂತ. ರೋಗ್ ಹೂಂ ಅಂದ. ಪ್ಯಾಲಡಿನ್ ಹುಡುಗ ಮಾರಿ ಊದಿಸ್ಕೊಂಡು, ನಾ ಆರಿಸ್ಕೊಂಡ ಕ್ಲಾಸ್ ಇದು, ನಡಬರ್ಕ ರೆಕ್ಕಿ ಕತ್ತರಸೂದು ಯಾವ ನ್ಯಾಯ, ಒಂದ ಕಣ್ಣಿಗೆ ಬೆಣ್ಣಿ ಒಂದ ಕಣ್ಣಿಗೆ ಸುಣ್ಣ ಅಂದ್ರ ಇದ ನೋಡ್ರಿ ಅಂದ. ಅವನ ಮಾತೂ ತಳ್ಳಿ ಹಾಕೂವಂಥಾದ್ದಲ್ಲ.

ಈಗ ನನ್ನ ಪ್ರಶ್ನಿ. ಕ್ಯಾಂಪೇನ್ ಅರ್ಧಾ ಆದ ಮ್ಯಾಲೆ ಕ್ಲಾಸ್ ಬದಲಿ ಮಾಡಿದವ್ರು ಯಾರರ ಅದೀರೇನು? ಎಲ್ಲಾರೂ ಹೊಸದಕ್ಕ ಹೋಗೂದೋ, ಯಾರಿಗೆ ಬೇಕೋ ಅವ್ರಷ್ಟ ಹೋಗೂದೋ, ಇಲ್ಲಾ ಹಳೇ ಪುಸ್ತಕ ಇಟ್ಕೊಂಡು ಸ್ಮೈಟ್‌ಗೆ ಅಷ್ಟ ಒಂದ ಹೌಸ್ ರೂಲ್ ಹಾಕೂದೋ? ಮತ್ತ ಈ ಹೊಸ ಬದಲಾವಣಿ ಖರೇನ ಬ್ಯಾಲೆನ್ಸ್ ಆಗ್ಯಾವೋ, ಬರೇ ಇವರದ ತಗದು ಅವರಿಗೆ ಕೊಟ್ಟಾರೋ?

ಬೆಟಗೇರಿ_ಬಾರ್ಬೇರಿಯನ್:

ಹೋಗ್ರಿ ಹೊಸದಕ್ಕ, ವಿಚಾರ ಏನ್ ಮಾಡ್ತೀರಿ. ಪ್ಯಾಲಡಿನ್ ಮಂದಿ ಹತ್ತ ವರ್ಷ ಉಂಡಾರ, ಸಾಕು.

ಲೆಕ್ಕಾ ಹಾಕಿ ತೋರಸ್ತೀನಿ, ಆ ಹುಡುಗಗ ತೋರಿಸ್ರಿ. 6ನೇ ಲೆವೆಲ್ ಪ್ಯಾಲಡಿನ್‌ಗೆ 1ನೇ ಲೆವೆಲ್ ಸ್ಲಾಟ್ ನಾಕು, 2ನೇ ಲೆವೆಲ್‌ದು ಎರಡು. ಹಳೇ ಪುಸ್ತಕದಾಗೂ ಅಷ್ಟ, ಹೊಸದ್ರಾಗೂ ಅಷ್ಟ. ಎಲ್ಲಾ ಸ್ಮೈಟಿಗೆ ಹಾಕಿದ್ರ 2ಡಿ8 ನಾಕ ಸಲ, 3ಡಿ8 ಎರಡ ಸಲ, ಒಟ್ಟು 14ಡಿ8, ಸರಾಸರಿ 63. ಹೊಸ ಪುಸ್ತಕದಾಗ ಸ್ಲಾಟ್ ಇಲ್ಲದ ಒಂದ ಸ್ಮೈಟ್ ಪುಕ್ಕಟೆ ಕೊಟ್ಟಾರ, ಲಾಂಗ್ ರೆಸ್ಟಿಗೊಮ್ಮೆ (ಎಂಟ ತಾಸಿನ ವಿಶ್ರಾಂತಿ, ಸ್ಲಾಟ್ ಎಲ್ಲಾ ತುಂಬ್ತಾವ). ಅಂದ್ರ 16ಡಿ8, ಸರಾಸರಿ 72. ಎಲ್ಲಿ ಕಮ್ಮಿ ಆತ್ರಿ? ಜಾಸ್ತಿನ ಆಗೇತಿ. ಒಂದ ಟರ್ನಿನ್ಯಾಗ ಎಲ್ಲಾ ಸುರುವಬ್ಯಾಡ ಅಂದಾರ ಅಷ್ಟ. ಅದ್ರ ಮ್ಯಾಲೆ ಲೇ ಆನ್ ಹ್ಯಾಂಡ್ಸ್ (ಮುಟ್ಟಿ ಗಾಯ ಮಾಯಿಸೂದು) ಮೊದಲ ಪೂರಾ ಆ್ಯಕ್ಷನ್ ತಿಂತಿತ್ತು, ಈಗ ಬೋನಸ್ ಆ್ಯಕ್ಷನ್ (ಆ್ಯಕ್ಷನ್ ಜೋಡಿ ಟರ್ನಿಗೆ ಸಿಗೂ ಒಂದ ಸಣ್ಣ ಕೆಲಸ). 5ನೇ ಲೆವೆಲ್ಲಿಗೆ ಫೈಂಡ್ ಸ್ಟೀಡ್ ಯಾವಾಗ್ಲೂ ಪ್ರಿಪೇರ್ ಆಗೇ ಇರ್ತೈತಿ, ದಿನಕ್ಕೊಂದ್ಸಲ ಸ್ಲಾಟ್ ಇಲ್ದ ಕುದ್ರಿ ಕರೀಬಹುದು. ಔರಾ ಆಫ್ ಪ್ರೊಟೆಕ್ಷನ್ ಮುಟ್ಟೇ ಇಲ್ಲ, ಈಡೀ ಗೇಮಿನ್ಯಾಗ ಛೊಲೋ ಫೀಚರ್ ಯಾವ್ದಂದ್ರ ನಾ ಅದನ್ನ ಹೇಳ್ತೀನಿ, ಬಾಜೂಕ ನಿಂತವರ ಎಲ್ಲಾ ಸೇವಿಂಗ್ ಥ್ರೋಗೂ (ಆಪತ್ತು ತಪ್ಪಿಸ್ಕೊಳ್ಳಾಕ ಉರುಳಸೂ ಡೈಸ್, ಸೇವ್ ಅಂತಾರ) ಪ್ಯಾಲಡಿನ್‌ನ ಕರಿಸ್ಮಾ ಕೂಡ್ತೈತಿ.

ನಿಮ್ಮ ಸೇನಾಪತಿ ಲೆಕ್ಕಾನೂ ಹಾಕಿದ್ನಿ. ಲಾಂಗ್‌ಸ್ವೋರ್ಡು, ಸ್ಟ್ರೆಂತ್ +4 ಅಂತ ಹಿಡದ್ರ, ಕ್ರಿಟ್ ಕೂಡಿ ಬರೇ ಕತ್ತೀದ 21 ಚಿಲ್ರೆ, ಸ್ಮೈಟ್ 54, ಒಟ್ಟು 75ರ ಮ್ಯಾಲೆ. 70 ಎಚ್‌ಪಿ ಎಲ್ಲಿಂದ ತಡೀಬೇಕು. ಹೊಸ ರೂಲಿನ್ಯಾಗ ಕ್ರಿಟ್ ಮ್ಯಾಲೆ ಒಂದ ಸ್ಮೈಟ್ ಹಾಕಿದ್ರ 57 ಚಿಲ್ರೆ. ಸೇನಾಪತಿಗೆ 12 ಎಚ್‌ಪಿ ಉಳೀತಿತ್ತು, ಭಾಷಣ ಮುಗಿಸಿ ಒಂದ ಏಟರ ಹಾಕ್ತಿದ್ದ.

ಸಪ್ತಾಪುರ_ಸ್ಮೈಟ್:

ಬೆಟಗೇರಿ ದೋಸ್ತ, ಲೆಕ್ಕಾ ಛಂದ ಅದ, ಆದ್ರ ಅರ್ಧಾ ಅದ. ನಾ ಧಾರವಾಡದಾಗ ಒಂದ ಟೇಬಲ್ಲಿನ್ಯಾಗ ಪ್ಯಾಲಡಿನ್ನೇ ಆಡ್ತೇನಿ, ಎರಡೂ ಪುಸ್ತಕ ಆಡೇನಿ, ಹಿಂಗಾಗಿ ಹೇಳ್ತೇನಿ ಕೇಳ್ರಿ.

ಟರ್ನಿಗೆ ಒಂದ ಅಂದದ್ದಕ್ಕ ನನ್ನ ತಕರಾರ ಇಲ್ಲ. ಅಷ್ಟ ಬರದು ಬಿಟ್ಟಿದ್ರ ಯಾರೂ ಬಾಯಿ ತಗೀತಿದ್ದಿಲ್ಲ. ಅವ್ರು ಏನ್ ಮಾಡ್ಯಾರ, ಸ್ಮೈಟನ್ನ ಸ್ಪೆಲ್ ಮಾಡಿಬಿಟ್ಟಾರ, ಅದೂ ಬೋನಸ್ ಆ್ಯಕ್ಷನ್ ಸ್ಪೆಲ್. ಅದರಿಂದ ಎಷ್ಟ ಗಂಟು ಬಿದ್ದಾವ ನೋಡ್ರಿ. ನೀವು ದೊಡ್ಡ ಉಪಕಾರ ಅಂತ ಹೇಳಿದ ಲೇ ಆನ್ ಹ್ಯಾಂಡ್ಸೂ ಬೋನಸ್ ಆ್ಯಕ್ಷನ್, ಶೀಲ್ಡ್ ಆಫ್ ಫೇತ್ ಬೋನಸ್ ಆ್ಯಕ್ಷನ್, ಪೋಲಾರ್ಮ್ ಮಾಸ್ಟರ್ ತಗೊಂಡಿದ್ರ ಕೋಲಿನ ಹಿಂದಿನ ತುದೀಲೆ ಹೊಡ್ಯೋದೂ ಬೋನಸ್ ಆ್ಯಕ್ಷನ್. ಎಲ್ಲಾ ಒಂದ ಬಾಗಲದಾಗ ನೂಕ್ಯಾಡ್ತಾವ. ಗೆಳ್ಯಾ ಬಿದ್ದಾನ, ಅವನ್ನ ಎಬ್ಬಸ್ಲೋ, ಕ್ರಿಟ್ ಬಂದದ, ಸ್ಮೈಟ್ ಹಾಕ್ಲೋ? ಎರಡರಾಗ ಒಂದ.

ಇನ್ನ ಸ್ಪೆಲ್ ಅಂದಮ್ಯಾಲೆ ಅದಕ್ಕ ಬಾಯಿಂದ ಮಂತ್ರ ಹೇಳಬೇಕು. ಅಂದ್ರ ಯಾರರ ಸೈಲೆನ್ಸ್ ಹಾಕಿದ್ರ ಸ್ಮೈಟ್ ಇಲ್ಲ. ಕೌಂಟರ್‌ಸ್ಪೆಲ್ ಹಾಕಬಹುದು. ದೇವರ ಮ್ಯಾಲೆ ಆಣಿ ಮಾಡಿ ಪಡದ ಶಕ್ತೀನ ಒಬ್ಬ ಮಾಂತ್ರಿಕ ಕೈ ಅಲ್ಲಾಡಿಸಿ ನಿಲ್ಲಸ್ತಾನ, ಇದು ನನಗ ಬ್ಯಾಲೆನ್ಸ್ ಪ್ರಶ್ನಿನೇ ಅಲ್ಲ, ಕ್ಲಾಸಿನ ಮರ್ಯಾದಿ ಪ್ರಶ್ನಿ. ಹೊಸ ಕೌಂಟರ್‌ಸ್ಪೆಲ್‌ನ್ಯಾಗ ಸ್ಲಾಟ್ ಖರ್ಚ ಆಗೂದಿಲ್ಲ, ಕಾನ್‌ಸ್ಟಿಟ್ಯೂಶನ್ ಸೇವೂ ಅದ, ಅದನ್ನ ಒಪ್ಪತೇನಿ, ಆದ್ರ ಆ ಕ್ರಿಟ್ ಹೋತಲ್ಲ, ಅದನ್ನ ಯಾರ್ ವಾಪಸ್ ಕೊಡ್ತಾರ? ಬಾರ್ಬೇರಿಯನ್ ಜೋಡಿ ಮಲ್ಟಿಕ್ಲಾಸ್ (ಒಂದ ಪಾತ್ರಕ್ಕ ಎರಡ ಕ್ಲಾಸ್) ಮಾಡಿದವರ ಕಥಿ ಅಂತೂ ಮುಗೀತು, ರೇಜ್‌ನ್ಯಾಗ (ಬಾರ್ಬೇರಿಯನ್‌ನ ಸಿಟ್ಟಿನ ಆವೇಶ) ಸ್ಪೆಲ್ ನಡ್ಯಂಗಿಲ್ಲ, ಮೊದಲ ಸ್ಮೈಟ್ ನಡೀತಿತ್ತು.

ಹಂಗಾಗಿ ಉಣಕಲ್ ಅಣ್ಣಾ, ನಿಮ್ಮ ಹುಡುಗನ್ನ ಪೂರಾ ಹೊಸದಕ್ಕ ಎಳೀಬ್ಯಾಡ್ರಿ. ಹಳೇ ಸ್ಮೈಟ್ ಇರ್ಲಿ, ಟರ್ನಿಗೊಂದ ಅಂತ ಒಂದ ಸಾಲ ಸೇರಿಸ್ರಿ. ಮುಗೀತು.

ಬೆಟಗೇರಿ_ಬಾರ್ಬೇರಿಯನ್:

ಲೇ ಸಪ್ತಾಪುರ, ಮರ್ಯಾದಿ ಅಂದ್ರ ಏನೋ. ನಿಮ್ಮ ಟೇಬಲ್ಲಿನ್ಯಾಗ ಎಷ್ಟ ಸಲ ಯಾರ್ ಕೌಂಟರ್‌ಸ್ಪೆಲ್ ಹಾಕ್ಯಾರ ಹೇಳು ನೋಡೂಣು. ವಿಲನ್ ತನ್ನ ರಿಯಾಕ್ಷನ್ನೂ (ಬ್ಯಾರೆಯವ್ರ ಟರ್ನಿನ್ಯಾಗ ಮಾಡೂ ಒಂದ ಕೆಲಸ) 3ನೇ ಲೆವೆಲ್ ಸ್ಲಾಟೂ ನಿನ್ನ 2ಡಿ8 ಮ್ಯಾಲೆ ಸುಡ್ತಾನಂದ್ರ ನಿಮ್ಮ ವಿಝರ್ಡ್ ಕುಣ್ಯಾಕ ಹತ್ತಬೇಕು, ಯಾಕಂದ್ರ ಆಮ್ಯಾಲೆ ಫೈರ್‌ಬಾಲ್‌ಗೆ ಅವಗ ರಿಯಾಕ್ಷನ್ ಉಳಿಯೂದಿಲ್ಲ.

ಸಪ್ತಾಪುರ_ಸ್ಮೈಟ್:

ಹಾಕ್ಯಾರೋ ಇಲ್ಲೋ ಅನ್ನೋದಲ್ಲ ದೋಸ್ತ, ಹಾಕಬಹುದು ಅನ್ನೋದು. ನೀ ಬಾರ್ಬೇರಿಯನ್, ನಿಂದ ರೇಜ್ ಶಾರ್ಟ್ ರೆಸ್ಟಿಗೆ (ಒಂದ ತಾಸಿನ ವಿಶ್ರಾಂತಿ) ಒಂದ ವಾಪಸ್ ಬರೋ ಹಂಗ ಮಾಡ್ಯಾರ, ವೆಪನ್ ಮಾಸ್ಟರಿ (ಒಂದೊಂದ ಆಯುಧಕ್ಕ ಒಂದ ವಿಶೇಷ ಪಟ್ಟು) ಕೊಟ್ಟಾರ. ಹೊಟ್ಟಿ ತುಂಬಿದವ್ರಿಗೆ ಹಸದವ್ರ ಮಾತು ಹೆಂಗ ಕೇಳಸ್ಬೇಕು.

ಏಲಕ್ಕಿ_ರೇಂಜರ್:

ಹಸದವ್ರ ಬಗ್ಗೆ ಮಾತಾಡ್ತೀರಿ, ನಮ್ಮನ್ನ ಒಬ್ಬರಾದ್ರೂ ಕೇಳಿದ್ರೇನ್ರಿ. ಹಾವೇರಿಯಿಂದ ಬರೀತಿದೀನಿ, ಆನ್‌ಲೈನ್ ಟೇಬಲ್, ರೇಂಜರ್.

2014ರ ರೇಂಜರ್ ಬಗ್ಗೆ ಎಲ್ಲಾರೂ ನಕ್ಕಾರ, ಫೇವರ್ಡ್ ಎನಿಮಿ ಅಂತ ಒಂದ ಜಾತಿ ಪ್ರಾಣಿ ಆರಿಸ್ಕೊಂಡ ಮ್ಯಾಲೆ ಡಿಎಂ ಆ ಪ್ರಾಣೀನ ತರೂದ ಬಿಟ್ಟ್ರ ನಮ್ಮ ಫೀಚರ್ ಸತ್ತಂಗ. ಹೊಸ ಪುಸ್ತಕದಾಗ ಅದನ್ನ ತಗದು ಹಂಟರ್ಸ್ ಮಾರ್ಕ್ (ಒಬ್ಬನ್ನ ಗುರಿ ಮಾಡಿ ಏಟಿಗೆ ಡಿ6 ಕೂಡಸೂ ಸ್ಪೆಲ್) ಪುಕ್ಕಟೆ ಕೊಟ್ಟಾರ, 6ನೇ ಲೆವೆಲ್ಲಿಗೆ ದಿನಕ್ಕ ಮೂರ ಸಲ ಸ್ಲಾಟ್ ಇಲ್ದ ಹಾಕಬಹುದು. ಛೊಲೋ ಅನಸ್ತೈತಿ, ಮೊದಲ ನಾನೂ ಖುಷಿ ಆಗಿದ್ದೆ. ಆದ್ರ ಅದು ಈಗೂ ಕಾನ್ಸಂಟ್ರೇಶನ್, ಅಂದ್ರ ಇಂಥಾ ಸ್ಪೆಲ್ ಒಂದ ಸಲಕ್ಕ ಒಂದ ಅಷ್ಟ ಹಿಡೀಬಹುದು. ಸ್ಪೈಕ್ ಗ್ರೋತ್ ಹಾಕಿದ್ರ ಮಾರ್ಕ್ ಹೋತು, ಪಾಸ್ ವಿದೌಟ್ ಟ್ರೇಸ್ ಹಾಕಿದ್ರ ಮಾರ್ಕ್ ಹೋತು. ಅಂದ್ರ ನನ್ನ ಕ್ಲಾಸಿನ ಛೊಲೋ ಸ್ಪೆಲ್ಲೂ ನನ್ನ ಕ್ಲಾಸಿನ ಮೇನ್ ಫೀಚರ್ರೂ ಒಂದಕ್ಕೊಂದು ಸವತಿ. 13ನೇ ಲೆವೆಲ್ಲಿಗೆ ಪೆಟ್ಟ ಬಿದ್ರ ಮಾರ್ಕ್ ಮುರೀಯಂಗಿಲ್ಲ ಅಂತಾರ, ಆದ್ರ ಬ್ಯಾರೆ ಕಾನ್ಸಂಟ್ರೇಶನ್ ಸ್ಪೆಲ್ ಹಾಕಿದ್ರ ಆವಾಗ್ಲೂ ಹೋಗ್ತೈತಿ. 20ನೇ ಲೆವೆಲ್ಲಿಗೆ, ಕೇಳ್ರಿ, 20ನೇ ಲೆವೆಲ್, ಡಿ6 ಹೋಗಿ ಡಿ10 ಆಗ್ತೈತಂತ. ಸರಾಸರಿ 3.5 ಇದ್ದದ್ದು 5.5. ಒಂದ ಏಟಿಗೆ ಎರಡ ಡ್ಯಾಮೇಜ್ ಸಲುವಾಗಿ ನಾ 20 ಲೆವೆಲ್ ಏರಬೇಕು, ಅದೇ ಲೆವೆಲ್ಲಿನ ಬಾರ್ಬೇರಿಯನ್‌ಗೆ ಸ್ಟ್ರೆಂತೂ ಕಾನ್‌ಸ್ಟಿಟ್ಯೂಶನ್ನೂ ನಾಕ ನಾಕ ಏರ್ತಾವ.

ಎರಡ ಕತ್ತಿ ಹಿಡ್ಯೂವ್ರಿಗೆ ಮಾತ್ರ ಒಂದ ಅನುಕೂಲ ಆಗೇತಿ, ಅದನ್ನ ಮುಚ್ಚಿಡೂದಿಲ್ಲ. ಸಿಮಿಟಾರ್‌ದು ನಿಕ್ ಮಾಸ್ಟರಿ ಇದ್ರ ಎರಡ್ನೇ ಕತ್ತಿ ಏಟು ಅಟ್ಯಾಕ್ ಆ್ಯಕ್ಷನ್ನಿನ್ಯಾಗ ಬರ್ತೈತಿ, ಬೋನಸ್ ಆ್ಯಕ್ಷನ್ ಮಾರ್ಕಿಗೆ ಉಳೀತೈತಿ. ನಾ ಬಿಲ್ಲ ಬಿಟ್ಟು ಕತ್ತಿ ಹಿಡದದ್ದು ಅದಕ್ಕ.

ಉಣಕಲ್ ಅಣ್ಣಾರ, ನಿಮ್ಮ ಟೇಬಲ್ಲಿನ್ಯಾಗ ರೇಂಜರ್ ಇಲ್ಲ, ಪುಣ್ಯಾ ಮಾಡೀರಿ.

ಉಣಕಲ್_ಡಿಎಂ:

ಅಕ್ಕಾರ, ಮುಂದ ಬರ್ತಾರ್ರಿ. ರೋಗ್ ಆಡೂ ಹುಡುಗ ಕೆಲಸದ ಸಲುವಾಗಿ ಬೆಂಗಳೂರಿಗೆ ಹೊಂಟಾನ, ಅವನ ಜಾಗಾಕ್ಕ ಬರೂವ್ರು ರೇಂಜರ್ ಬೇಕಂದಾರ.

ಮಾಂಕ್ ಬಗ್ಗೆ ಯಾರರ ಹೇಳ್ರಿ. ಆಕಿ ಭಾಳ ಆಸೆ ಇಟ್ಕೊಂಡಾಳ. ನನಗ ಹೆದರಿಕಿ ಏನಂದ್ರ, ಪ್ಯಾಲಡಿನ್ ಇಳಿಸಿ ಮಾಂಕ್ ಏರಿಸಿ, ನಾಳೆ ಮಾಂಕ್ ಬಗ್ಗೆ ಇದ ಥ್ರೆಡ್ ಹಾಕೂ ಹಂಗ ಆಗಬಾರ್ದು.

ಬೆಟಗೇರಿ_ಬಾರ್ಬೇರಿಯನ್:

ಮಾಂಕ್ ಖರೇನ ಏರೇತಿ, ಹೆದರಿಕಿ ಸುಳ್ಳಲ್ಲ. ಮಾರ್ಷಲ್ ಆರ್ಟ್ಸ್ ಡೈಸ್ ಡಿ4ಲೆ ಸುರು ಆಗ್ತಿತ್ತು, ಈಗ ಡಿ6ಲೆ, 5ನೇ ಲೆವೆಲ್ಲಿಗೆ ಡಿ8. ಕಿ (ಮಾಂಕ್ ಖರ್ಚ ಮಾಡೂ ಶಕ್ತಿ) ಹೋಗಿ ಫೋಕಸ್ ಪಾಯಿಂಟ್ ಅಂತ ಆಗೇತಿ. ಡಿಸ್‌ಎಂಗೇಜ್, ಡ್ಯಾಶ್ ಎರಡೂ ಬೋನಸ್ ಆ್ಯಕ್ಷನ್ನಿನ್ಯಾಗ ಪುಕ್ಕಟೆ, ಮೊದಲ ಒಂದೊಂದಕ್ಕೂ ಒಂದ ಕಿ ಕೊಡಬೇಕಿತ್ತು. ಕಿ ಬರೇ ಓಡ್ಯಾಡೂದ್ರಾಗ ಖಾಲಿ ಆಗ್ತಿತ್ತು ಪಾಪ.

ಆದ್ರ ನಿಮಗ ಕಾಟ ಕೊಡೂದು ಡಿಫ್ಲೆಕ್ಟ್ ಅಟ್ಯಾಕ್ಸ್. ಮೊದಲ ಬಾಣ ಅಷ್ಟ ಹಿಡೀತಿದ್ರು, ಈಗ ಕತ್ತಿ, ಗದಾ, ಹಲ್ಲು ಉಗುರು ಎಲ್ಲಾ. 6ನೇ ಲೆವೆಲ್ಲಿನ 6, ಡೆಕ್ಸ್ (ಚುರುಕತನ) +4 ಇದ್ರ ಅದು, ಮ್ಯಾಲೆ 1ಡಿ10 ಕೂಡಿ ಸರಾಸರಿ 15.5 ಡ್ಯಾಮೇಜ್ ಕಳೀತೈತಿ. ಓಗರ್‌ನ ಗದಾ ಏಟು ಸರಾಸರಿ 13. ಅಂದ್ರ ಓಗರ್ ಬಂದು ಪೂರಾ ಶಕ್ತಿಲೆ ಬಡದ್ರ ನಿಮ್ಮ ಹುಡುಗಿ ಒಂದ ಕೈಲೆ ಹಿಡದು, ಒಂದ ಪಾಯಿಂಟ್ ಕೊಟ್ಟು ಆ ಪೆಟ್ಟನ್ನ ಬಾಜೂದವಗ ತಿರುಗಸ್ತಾಳ. ರೌಂಡಿಗೊಂದ ಸಲ ಅಷ್ಟ (ರೌಂಡ್ ಅಂದ್ರ ಎಲ್ಲಾರದೂ ಒಂದೊಂದ ಟರ್ನ್), ರಿಯಾಕ್ಷನ್ ಐತೆಲ್ಲ, ಹಂಗಾಗಿ ಒಂದ ದೊಡ್ಡ ಮಾನ್‌ಸ್ಟರ್ ಬದಲಿ ಸಣ್ಣ ಸಣ್ಣವು ನಾಕ ಬಿಡ್ರಿ, ಬರೋಬರಿ ಆಗ್ತೈತಿ.

ಸ್ಟನಿಂಗ್ ಸ್ಟ್ರೈಕ್ (ಎದುರಿನವನ್ನ ಮರಗಟ್ಟಸೂ ಏಟು) ಮಾತ್ರ ಇಳಿಸ್ಯಾರ, ಅದು ಡಿಎಂಗಳಿಗೆ ಹಬ್ಬ. ಹಳೇದ್ರಾಗ ನಾಕ ಏಟು ಹತ್ತಿದ್ರ ನಾಕ ಸಲ ಟ್ರೈ ಮಾಡಿ, ಒಂದರ ಹತ್ತೂತನಾ ಬಿಡ್ತಿದ್ದಿಲ್ಲ. ಈಗ ಟರ್ನಿಗೊಂದ. ಸೇವ್ ಮಾಡಿದ್ರೂ ಪೂರಾ ವ್ಯರ್ಥ ಆಗೂದಿಲ್ಲ, ಸ್ಪೀಡ್ ಅರ್ಧಾ, ಮುಂದಿನ ಏಟಿಗೆ ಅಡ್ವಾಂಟೇಜ್ (ಎರಡ ಸಲ ಉರುಳಿಸಿ ದೊಡ್ಡದು ತಗೊಳ್ಳೂದು). ನನ್ನ ಕೇಳಿದ್ರ ಈಡೀ ಪುಸ್ತಕದಾಗ ಭಾಳ ಛಂದ ಬರದ ಬದಲಾವಣಿ ಇದ. ಕಾಟಾನೂ ಹೋತು, ಆಡೂವ್ರ ಖುಷೀನೂ ಉಳೀತು.

ಇನ್ನೊಂದ್ ಹೇಳ್ತೀನಿ, ಯಾರೂ ಪ್ಯಾಲಡಿನ್ ಬಿಟ್ಟು ಆ ಕಡೆ ನೋಡ್ವಲ್ರು. ನಿಮ್ಮ ಕ್ಲೆರಿಕ್‌ನ ನೋಡ್ಕೋರಿ. ಹೊಸ ಸ್ಪಿರಿಟ್ ಗಾರ್ಡಿಯನ್ಸ್ (ಕ್ಲೆರಿಕ್ ಸುತ್ತ ದೈವಗಳ ವರ್ತುಲ ಹಾಕೂ ಸ್ಪೆಲ್) ಆ ವರ್ತುಲ ಮೈಗೆ ಬಂದು ಹತ್ತಿದ ಕೂಡಲೇ ಸೇವ್ ಮಾಡಸ್ತೈತಿ, ಟರ್ನಿಗೊಂದ ಸಲ, 3ಡಿ8. ಟರ್ನಿಗೆ ಅಂದಾರ, ರೌಂಡಿಗೆ ಅಂದಿಲ್ಲ. ಕ್ಲೆರಿಕ್ ತಾನ ಒಮ್ಮೆ ನಡದು ಹೋದ, ಆಮ್ಯಾಲೆ ಬ್ಯಾರೆಯವ್ರು ತಮ್ಮ ಟರ್ನಿನ್ಯಾಗ ಅವನ್ನ ಎಳಕೊಂಡು ಹೋದ್ರ ಮತ್ತ ಒಮ್ಮೆ. 10ನೇ ಲೆವೆಲ್ಲಿಗೆ ಮಾಂಕ್ ಸ್ಟೆಪ್ ಆಫ್ ದಿ ವಿಂಡ್‌ನ್ಯಾಗ ಒಬ್ಬರನ್ನ ಕರಕೊಂಡು ಓಡಬಹುದು. ನಿಮ್ಮ ಹುಡುಗಿ ಕ್ಲೆರಿಕ್‌ನ ಹೊತ್ಕೊಂಡು ಬಾವಿ ತುಂಬ ಓಡೂ ದಿನ ಬರ್ತೈತಿ, ಆವಾಗ ಸ್ಮೈಟ್ ನೆನಸ್ಕೊಂಡು ಅಳ್ತೀರಿ.

ಸಪ್ತಾಪುರ_ಸ್ಮೈಟ್:

ಇದಕ್ಕ ಮಾತ್ರ ಹೂಂ ಅಂತೇನಿ. ನಮ್ಮ ಡಿಎಂ ರೌಂಡಿಗೊಂದ ಸಲ ಅಂತ ಮೊದಲ್ನೇ ದಿನಾನ ಹೇಳಿಬಿಟ್ಟಾರ.

ಹಳೇ_ಡೈಸ್_ಧಾರವಾಡ:

ತಡಾ ಆಗಿ ಬಂದೆ, ಪೂರಾ ಓದಿದೆ. ಬೆಟಗೇರಿಯವ್ರೂ ಸಪ್ತಾಪುರದವ್ರೂ ಸ್ಮೈಟ್ ಬಗ್ಗೆ ಜಗಳಾಡ್ಲಿಕ್ಕೆ ಹತ್ತೀರಿ, ಆದ್ರ ಇಬ್ಬರೂ ಬ್ಯಾರೆ ಬ್ಯಾರೆ ಆಟದ ಲೆಕ್ಕಾ ಹಾಕ್ಲಿಕ್ಕತ್ತೀರಿ ಅಂತ ನನಗ ಅನಸ್ತದ.

ಉಣಕಲ್ ಅವರು ಮೊದಲ್ನೇ ಸಾಲಿನ್ಯಾಗನ ಹೇಳ್ಯಾರ, ಒಂದ ಐತವಾರ ಒಂದ ಫೈಟ್. ಇನ್ನ ಊಹೆ ಮಾಡಿ ಹೇಳ್ತೇನಿ, ತಪ್ಪಿದ್ರ ಹೇಳ್ರಿ, ಫೈಟ್ ಮುಗದ ಮ್ಯಾಲೆ ಎಲ್ಲಾರೂ ಲಾಂಗ್ ರೆಸ್ಟ್ ಅಂತಾರ, ಮುಂದಿನ ವಾರ ಎಲ್ಲಾ ಸ್ಲಾಟ್ ತುಂಬ್ಕೊಂಡು ಬರ್ತಾರ. ಹೌದಿಲ್ಲೋ? 2014ರ ಡಂಜನ್ ಮಾಸ್ಟರ್ಸ್ ಗೈಡ್ ತಗದು ನೋಡ್ರಿ, ಎರಡ ಲಾಂಗ್ ರೆಸ್ಟ್ ನಡುವ 6ರಿಂದ 8 ಮೀಡಿಯಂ ಅಥವಾ ಹಾರ್ಡ್ ಎನ್‌ಕೌಂಟರ್, ಅದ್ರಾಗ ಸುಮಾರು ಎರಡ ಶಾರ್ಟ್ ರೆಸ್ಟ್, ಹಿಂಗ ಅಂದಾಜ ಇಟ್ಟು ಕ್ಲಾಸ್ ಎಲ್ಲಾ ತೂಗ್ಯಾರ. ಐದ ದಿನದ ಟೆಸ್ಟ್ ಮ್ಯಾಚಿಗೆ ಆರಿಸಿದ ಟೀಮ್ ತಗೊಂಡು ನೀವು ಟಿ20 ಆಡ್ಲಿಕ್ಕತ್ತೀರಿ, ಅಲ್ಲೆ ಮೊದಲ್ನೇ ಬಾಲಿನಿಂದ ಸಿಕ್ಸರ್ ಹೊಡ್ಯೋವ ಹೀರೋ ಆಗ್ಯಾನ. ಆಗದೇ ಇನ್ನೇನ್ ಮಾಡ್ಯಾನು.

ಬೆಟಗೇರಿಯವರ 63-72 ಲೆಕ್ಕಾ ಖರೇ, ಆದ್ರ ಎಲ್ಲಾ ಖರ್ಚ ಮಾಡ್ಲಿಕ್ಕೆ ಟೈಮ್ ಸಿಕ್ರ ಅಷ್ಟ. ಟರ್ನಿಗೊಂದ ಅಂದ್ರ ಆರ ಸ್ಲಾಟೂ ಪುಕ್ಕಟೆದ್ದೊಂದೂ ಮುಗಸ್ಲಿಕ್ಕೆ ಏಳ ಟರ್ನ್ ಬೇಕು. ಉಣಕಲ್ ಅವರ ಫೈಟ್ ಮೂರ ರೌಂಡಿಗೆ ಮುಗೀತದ ಅಂತ ಇಟ್ಕೋರಿ. ಹಳೇ ರೂಲಿನ್ಯಾಗ ಮೂರ ರೌಂಡಿಗೆ ಆರ ಏಟು, ಎಲ್ಲಾ ಹತ್ತಿದ್ರ ಆರೂ ಸ್ಲಾಟ್ ಖಾಲಿ, 63. ಹೊಸದ್ರಾಗ ಮೂರ ಸ್ಮೈಟ್, 3ಡಿ8 ಎರಡು, 2ಡಿ8 ಒಂದು, 36. ಅಂದ್ರ ಹತ್ತಹತ್ರ ಅರ್ಧಾ ಹೋತು. ಹಂಗಾಗಿ ಆ ಹುಡುಗ ರೆಕ್ಕಿ ಕತ್ತರಸ್ಲಿಕ್ಕತ್ತಾರ ಅಂದದ್ದು ಅವನ ಟೇಬಲ್ ಮಟ್ಟಿಗೆ ಪೂರಾ ಖರೇ. ಅದ ಹುಡುಗ ದಿನಕ್ಕ ಐದಾರ ಫೈಟ್ ಆಡೋ ಟೇಬಲ್ಲಿಗೆ ಹೋದ್ರ ಹೊಸ ರೂಲಿನ್ಯಾಗ 9 ಜಾಸ್ತಿನೇ ಸಿಗತದ. ರೂಲ್ ಒಂದ, ಪೆಟ್ಟ ಬ್ಯಾರೆ.

ಇನ್ನ ನಿಮ್ಮ ಮಾಂಕ್ ಮತ್ತ ವಾರ್ಲಾಕ್ ನೋಡ್ರಿ. ಇಬ್ಬರದೂ ಶಾರ್ಟ್ ರೆಸ್ಟಿಗೆ ತುಂಬೋ ಕ್ಲಾಸ್. 6ನೇ ಲೆವೆಲ್ ವಾರ್ಲಾಕ್‌ಗೆ ಎರಡ ಸ್ಲಾಟ್ ಅಷ್ಟ, ಎರಡೂ 3ನೇ ಲೆವೆಲ್‌ವು. ನಡುವ ಎರಡ ಶಾರ್ಟ್ ರೆಸ್ಟ್ ಸಿಕ್ರ ದಿನಕ್ಕ ಆರು, ಆವಾಗ ಅವನು ಯಾರಿಗೂ ಕಮ್ಮಿ ಇಲ್ಲ. ನಿಮ್ಮಲ್ಲೆ ಶಾರ್ಟ್ ರೆಸ್ಟ್ ಅನ್ನೋದ ಇಲ್ಲ ಅಂದ್ರ ಅವಗ ಎರಡ. ಅಂವ ಸುಮ್ಮ ಕೂತಾನ ಅಂತ ತಕರಾರ ಇಲ್ಲ ಅಂತ ತಿಳೀಬ್ಯಾಡ್ರಿ. 2024ರಾಗ ಪುಸ್ತಕ ಬರದವ್ರಿಗೂ ಇದು ಗೊತ್ತಾಗೇದ, ಅದಕ್ಕ ವಾರ್ಲಾಕ್‌ಗೆ ಮ್ಯಾಜಿಕಲ್ ಕನ್ನಿಂಗ್ ಕೊಟ್ಟು ಒಂದ ನಿಮಿಷದಾಗ ಅರ್ಧಾ ಸ್ಲಾಟ್ ವಾಪಸ್ ಬರೋ ಹಂಗ ಮಾಡ್ಯಾರ, ಮಾಂಕ್‌ಗೆ ಅನ್‌ಕ್ಯಾನಿ ಮೆಟಬಾಲಿಸಂ, ಇನಿಶಿಯೇಟಿವ್ ಉರುಳ್ಸಿದಾಗ ಎಲ್ಲಾ ಫೋಕಸ್ ವಾಪಸ್, ಎರಡೂ ಲಾಂಗ್ ರೆಸ್ಟಿಗೊಮ್ಮೆ. ಹೊಸ ಡಂಜನ್ ಮಾಸ್ಟರ್ಸ್ ಗೈಡಿನ್ಯಾಗ ಆ 6-8ರ ಅಂದಾಜೇ ಇಲ್ಲ. ಮಂದಿ ಆಡೋದ ಹಿಂಗ ಅಂತ ಒಪ್ಕೊಂಡು ಕ್ಲಾಸ್ ತಿದ್ಯಾರ ಅಂತ ನಾ ಓದ್ಕೋತೇನಿ.

ನನ್ನ ಸಲಹಾ: ಎಲ್ಲಾರೂ ಹೊಸದಕ್ಕ ಹೋಗ್ರಿ, ಒಬ್ಬೊಬ್ಬರ ಅಲ್ಲ. ಹೊಸ ಮಾಂಕ್ ಬಾಜೂಕ ಹಳೇ ರೋಗ್ ಕೂತ್ರ ಅವನ ಕನಿಂಗ್ ಸ್ಟ್ರೈಕೂ ಇಲ್ಲ ವೆಪನ್ ಮಾಸ್ಟರಿನೂ ಇಲ್ಲ, ಮುಂದಿನ ವಾರ ಅಂವ ಮಾರಿ ಊದಿಸ್ಕೋತಾನ. ಆದ್ರ ಅದಕ್ಕಿಂತ ಮೊದಲ ರೆಸ್ಟ್ ಸರಿ ಮಾಡ್ರಿ. ಹಳೇ ಗೈಡಿನ್ಯಾಗ ಗ್ರಿಟಿ ರಿಯಲಿಸಂ ಅಂತ ಒಂದ ಆಪ್ಶನ್ ಅದ, ರಾತ್ರಿ ನಿದ್ದಿ ಅಂದ್ರ ಶಾರ್ಟ್ ರೆಸ್ಟ್, ಏಳ ದಿನ ಆರಾಮ ಅಂದ್ರ ಲಾಂಗ್ ರೆಸ್ಟ್. ವಾರಕ್ಕೊಂದ ಫೈಟ್ ಆಡೋವ್ರಿಗೆ ಅದು ಹೇಳಿ ಮಾಡಿಸಿದ್ದು. ಒಂದ ಐತವಾರ ಮುಗದ ಕೂಡಲೇ ಕಥಿಯೊಳಗ ಒಂದ ರಾತ್ರಿ, ಮೂರ ನಾಕ ಐತವಾರಕ್ಕೊಮ್ಮೆ ಊರಿಗೆ ಬಂದು ವಾರಗಟ್ಲೆ ಆರಾಮ. ಹಿಂಗ ಮಾಡಿದ್ರ ಪ್ಯಾಲಡಿನ್ ತಾನ ಕೈ ಬಿಗಿ ಹಿಡೀತಾನ, ನೀವೇನೂ ಕತ್ತರಿ ಹಾಕಬೇಕಾಗಿಲ್ಲ.

ಇನ್ನೊಂದ, ಬಾಸ್‌ನ ಒಬ್ಬನ್ನ ನಿಲ್ಲಸಬ್ಯಾಡ್ರಿ. ಐದ ಮಂದಿ ಐದ ಟರ್ನ್ ತಗೋತಾರ, ಅವಂಗ ಒಂದ. 70 ಎಚ್‌ಪಿ ಅಲ್ಲ, 150 ಇಟ್ರೂ ಹಣಿಬಾರ ಅಷ್ಟ.

ಉಣಕಲ್_ಡಿಎಂ:

ಕಾಕಾರ, ಲಾಂಗ್ ರೆಸ್ಟ್ ಮಾತು ಪೂರಾ ಖರೇ, ಸೆಶನ್ ಮುಗದ್ರ ಕ್ಯಾಂಪ್ ಹಾಕೇ ಬಿಡ್ತಾರ, ಯಾಕಂದ್ರ ಮುಂದಿನ ಐತವಾರ ಯಾರ್ ಬರ್ತಾರ ಯಾರ್ ಬರಾಂಗಿಲ್ಲ ಗೊತ್ತಿರೂದಿಲ್ಲ, ಅರ್ಧಾ ಎಚ್‌ಪಿ ಅರ್ಧಾ ಸ್ಲಾಟ್ ಬರದಿಟ್ಟ ಹಾಳಿ ಕಳಕೊಂಡು ಬರ್ತಾರ. ಗ್ರಿಟಿ ರಿಯಲಿಸಂ ಬಗ್ಗೆ ನನಗ ಒಂದ ಸಂಶಯ. ಬಾವಿಯೊಳಗ ಇದ್ದಾಗ ಏಳ ದಿನ ಎಲ್ಲಿಂದ ತರ್ಲಿ? ಮೇಜ್ ಆರ್ಮರ್ ಎಂಟ ತಾಸಿನ ಸ್ಪೆಲ್, ದಿನಾ ದಿನಾ ಸ್ಲಾಟ್ ಸುಟ್ಟು ಹಾಕಬೇಕಾಗ್ತೈತಲ್ಲ, ನಮ್ಮಲ್ಲೆ ವಿಝರ್ಡ್ ಇಲ್ಲ ಅನ್ನೂದ ಸಮಾಧಾನ.

ಹಳೇ_ಡೈಸ್_ಧಾರವಾಡ:

ಡಂಜನ್ ಒಳಗ ಆ ರೂಲ್ ತ್ರಾಸ ಕೊಡತದ, ಖರೇ ಅದ. ಅದು ಊರಿಂದ ಊರಿಗೆ ತಿರುಗೋ ಕಥೀಗೆ ಕೂಡ್ತದ. ಬಾವಿಯೊಳಗ ಬ್ಯಾರೆ ಉಪಾಯ ಮಾಡ್ರಿ. ಗಂಟಿ ಹೊಡೀತದ, ನೀರ ಏರ್ತದ, ಏನರ ಒಂದ. ಎಂಟ ತಾಸ ಮಲಗಿದ್ರ ಕೆಳಗಿನ ಬಾಗಲಾ ಮುಳಗತದ, ಒಂದ ತಾಸ ಕೂತ್ರ ನಡೀತದ. ಶಾರ್ಟ್ ರೆಸ್ಟಿಗೆ ಸಮ್ಮತಿ, ಲಾಂಗ್ ರೆಸ್ಟಿಗೆ ಬೆಲಿ. ಹಾಳಿ ಕಳಕೊಳ್ಳೋದಕ್ಕ ಮಾತ್ರ ನನ್ನ ಹತ್ರ ರೂಲ್ ಇಲ್ಲ, ನೀವ ಎಲ್ಲಾರ ಶೀಟೂ ಒಂದ ಫೈಲಿನ್ಯಾಗ ಇಸ್ಕೋರಿ.

ಸಪ್ತಾಪುರ_ಸ್ಮೈಟ್:

ಕಾಕಾ, 36-63 ಲೆಕ್ಕಾ ತೋರಿಸಿದ್ದು ಭಾಳ ಛೊಲೋ ಆತು, ನನಗ ಅನಸ್ತಿತ್ತು, ಹೇಳ್ಲಿಕ್ಕೆ ಬರ್ತಿದ್ದಿಲ್ಲ. ಆದ್ರೂ ಬೋನಸ್ ಆ್ಯಕ್ಷನ್ ಜಗಳ ರೆಸ್ಟಿನಿಂದ ಬಗೀಹರ್ಯೂದಿಲ್ಲ. ದಿನಕ್ಕ ಒಂದ ಫೈಟ್ ಇರ್ಲಿ ಎಂಟ ಇರ್ಲಿ, ಗೆಳ್ಯಾನ್ನ ಎಬ್ಬಸೂದೋ ಸ್ಮೈಟೋ ಅನ್ನೋದು ಎಲ್ಲಾ ಕಡೆ ಇದ್ದದ್ದ.

ಬೆಟಗೇರಿ_ಬಾರ್ಬೇರಿಯನ್:

ಅದು ಇರಬೇಕಲೇ. ಆರಿಸ್ಕೊಳ್ಳೂ ಕಷ್ಟ ಇಲ್ಲಂದ್ರ ಆಟ ಯಾಕ ಆಡಬೇಕು. ನನ್ನ ರೇಜೂ ಬೋನಸ್ ಆ್ಯಕ್ಷನ್, ನಾ ಅಳ್ತೀನೇನು.

ಉಣಕಲ್_ಡಿಎಂ:

ಸರಿ ಕೇಳ್ರಿ, ಇವತ್ತ ಪ್ಯಾಲಡಿನ್ ಹುಡುಗನ ಜೋಡಿ ಫೋನಿನ್ಯಾಗ ಮಾತಾಡಿದ್ನಿ, ಕಾಕಾರ ಲೆಕ್ಕಾ ಓದಿ ಹೇಳಿದ್ನಿ. ಒಪ್ಪ್ಯಾನ, ಆದ್ರ ಎರಡ ಶರತ್ತ ಹಾಕ್ಯಾನ. ಒಂದು, ಸ್ಮೈಟ್ ಮ್ಯಾಲೆ ಕೌಂಟರ್‌ಸ್ಪೆಲ್ ನಡ್ಯಂಗಿಲ್ಲ, ಅದನ್ನ ನಾನೂ ಒಪ್ಪಿದ್ನಿ, ನನಗ ಆ ಆಸೆ ಇದ್ದಿದ್ದೂ ಇಲ್ಲ. ಎರಡು, ಈ ಬಾವಿ ಮುಗಿಯೂತನಾ ಟ್ರೈ ಮಾಡಿ ಸೇರಲಿಲ್ಲಂದ್ರ ಬ್ಯಾರೆ ಕ್ಯಾರೆಕ್ಟರ್ ಅದ ಲೆವೆಲ್ಲಿಗೆ ಕಟ್ಟಾಕ ಬಿಡಬೇಕು. ಇದೂ ಆತು. ಸ್ಪಿರಿಟ್ ಗಾರ್ಡಿಯನ್ಸ್ ರೌಂಡಿಗೊಂದ ಸಲ ಅಂತ ಕ್ಲೆರಿಕ್‌ಗೂ ಹೇಳೀನಿ, ಅಂವ ಹೂಂ ಅಂದ, ಅವಗ ಆ ಉಪಾಯ ಗೊತ್ತ ಇದ್ದಿದ್ದಿಲ್ಲ.

ಪುಸ್ತಕ ಎಲ್ಲಾರ ಹತ್ರ ಇಲ್ಲ. 2025ರಾಗ ಬಂದ ಎಸ್‌ಆರ್‌ಡಿ 5.2 (ಹೊಸ ರೂಲಿನ ಮೂಲ ಭಾಗ ಅಷ್ಟ ಇರೂ ಫೈಲ್) ಪುಕ್ಕಟೆ ಐತಿ, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನ್ಯಾಗ, ಅದ್ರ ಮ್ಯಾಲೆ ಸುರು ಮಾಡ್ತೀವಿ. ಅದ್ರಾಗ ಒಂದೊಂದ ಕ್ಲಾಸಿಗೆ ಒಂದ ಸಬ್‌ಕ್ಲಾಸ್, ನಮ್ಮ ಪ್ಯಾಲಡಿನ್ ಡಿವೋಶನ್, ಮಾಂಕ್ ಓಪನ್ ಹ್ಯಾಂಡ್, ಇಬ್ಬರದೂ ಅದ್ರಾಗ ಐತಿ.

ಒಂದ ಉಳೀತು. ಹೊಸದಾಗಿ ಬರೂವ್ರು ರೇಂಜರ್ ಅಂದಾರಲ್ಲ. ಹಂಟರ್ಸ್ ಮಾರ್ಕಿಂದ ಕಾನ್ಸಂಟ್ರೇಶನ್ ಪೂರಾ ತಗದ್ರ ಹೆಂಗ, ಏಲಕ್ಕಿ ಅಕ್ಕಾರ?

ಏಲಕ್ಕಿ_ರೇಂಜರ್:

ಅಂತೂ ಕೇಳಿದ್ರಿ. ತಗೀರಿ, ಆದ್ರ 1ನೇ ಲೆವೆಲ್ಲಿಗೆ ತಗೀಬ್ಯಾಡ್ರಿ. ಅಲ್ಲೇ ತಗದ್ರ ನಿಮ್ಮ ಪ್ಯಾಲಡಿನ್ನೂ ಮಾಂಕೂ ಒಂದ ಲೆವೆಲ್ ರೇಂಜರ್ ತಗೊಂಡು, ಪುಕ್ಕಟೆ ಮಾರ್ಕ್ ಕಿಸೇದಾಗ ಹಾಕ್ಕೊಂಡು ವಾಪಸ್ ಓಡ್ತಾರ, ನಾವು ಮತ್ತ ಇದ್ದಲ್ಲೇ. ರೇಂಜರ್ 6ನೇ ಲೆವೆಲ್ ಆದ ಮ್ಯಾಲೆ ಕಾನ್ಸಂಟ್ರೇಶನ್ ಇಲ್ಲ ಅಂತ ಬರೀರಿ, ನಿಮ್ಮ ಟೇಬಲ್ಲೂ ಅದ ಲೆವೆಲ್ಲಿನ್ಯಾಗ ಐತಿ. ಮತ್ತ ಬರೂವ್ರಿಗೆ ಸಿಮಿಟಾರ್ ತಗೋ ಅಂತ ಹೇಳ್ರಿ, ಅದ್ರ ಜೋಡಿ ಶಾರ್ಟ್‌ಸ್ವೋರ್ಡ್, ನಿಕ್ ಒಂದ್ರಾಗ, ವೆಕ್ಸ್ (ಏಟು ಹತ್ತಿದ್ರ ಮುಂದಿನ ಏಟಿಗೆ ಅಡ್ವಾಂಟೇಜ್ ಕೊಡೂ ಮಾಸ್ಟರಿ) ಒಂದ್ರಾಗ.